ಕೈ ಹೋದಲ್ಲಿಗೆ ಕಣ್ಣು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತೀವ್ರ ನಿಗಾ ಘಟಕದ ಕಿಟಕಿಯ ಗಾಜು ಈಗಷ್ಟೇ ಬೂದು ಬಣ್ಣಕ್ಕೆ ತಿರುಗುತ್ತಿದೆ. ಮೂಲೆಯ ಮಂಚದಲ್ಲಿ ಮಲಗಿರುವ ವೃದ್ಧೆಯ ಬಾಯಿಯಿಂದ ಗಂಟಲೊಳಗೆ ಒಂದು ನಳಿಕೆ ಇಳಿದಿದೆ. ಅದರ ಇನ್ನೊಂದು ತುದಿಯಲ್ಲಿ ವೆಂಟಿಲೇಟರ್ ಅವರ ಪರವಾಗಿ ಉಸಿರಾಡುತ್ತಿದೆ. ನಳಿಕೆ ಕಿತ್ತುಕೊಳ್ಳದಿರಲೆಂದು ಎರಡೂ ಕೈಗಳನ್ನು ಮೆತ್ತನೆಯ ಪಟ್ಟಿಯಿಂದ ಮಂಚದ ಸರಳಿಗೆ ಕಟ್ಟಲಾಗಿದೆ. ನೀಲಿ ಅಂಗಿಯ ನರ್ಸ್ ಬಾಗಿ ಬಲಗೈಯ ಪಟ್ಟಿ ಬಿಚ್ಚುತ್ತಾರೆ.

"ಅಮ್ಮಾ, ಕೈ ಬಿಚ್ತಾ ಇದ್ದೀನಿ. ಎಲ್ಲಿಗೆ ಹೋಗ್ಬೇಕೋ ಹೋಗಲಿ, ನಾನೂ ಜೊತೆಗೆ ಬರ್ತೀನಿ."

ಈ ನರ್ಸ್‌ ಗಂಡಸು. ಎಲ್ಲರೂ ಕರೆಯುವುದು ಬ್ರದರ್ ಎಂದು. ಹದಿನೆಂಟು ವರ್ಷಗಳಿಂದ ವೆಂಟಿಲೇಟರಿನ ಮೇಲಿರುವವರ ಆರೈಕೆಯೇ ಇವರ ಕೆಲಸ. ಗಂಡಸು ನರ್ಸ್ ಆಗಬಹುದೆಂಬುದು ಇವರ ಬೀದಿಯವರಿಗೆ ಇನ್ನೂ ಪೂರ್ತಿ ಒಗ್ಗಿಲ್ಲ. "ಮಗ ಆಸ್ಪತ್ರೇಲಿದ್ದಾನೆ ಅಂತ ನಮ್ಮಮ್ಮ ಪಕ್ಕದ ಮನೆಯವರಿಗೆ ಹೇಳಿದ್ರು. ಪಾಪ, ಅವರು ಕಿತ್ತಳೆ ಹಣ್ಣು ತಗೊಂಡು ನನ್ನನ್ನ ನೋಡೋಕೆ ಬಂದ್ರು," ಎನ್ನುತ್ತಾರೆ. ಹಣ್ಣು ಏನಾಯಿತು ಎಂದರೆ, "ವಾಪಸ್ ಕೊಡೋಕೆ ನನ್ನ ಹೆಂಡತಿ ಬಿಡಬೇಕಲ್ಲ!"

ಪಾಳಿಗೆ ಇಬ್ಬರು ರೋಗಿಗಳು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನ ಚರ್ಮ ಒಡೆಯುತ್ತದೆ. ನಳಿಕೆಯಲ್ಲಿ ಕಟ್ಟಿದ ಕಫ ಹೀರಿ ತೆಗೆಯಬೇಕು, ಬಾಯಿ ಒರೆಸಬೇಕು, ಪೂರ್ತಿ ಮುಚ್ಚದ ಕಣ್ಣುಗಳಿಗೆ ಮುಲಾಮು ಹಾಕಬೇಕು. ಯಂತ್ರ ಕೂಗಿದರೆ ಮೊದಲು ನೋಡಬೇಕಾದದ್ದು ರೋಗಿಯ ಎದೆ ಏರುತ್ತಿದೆಯೇ ಎಂದು, ಪರದೆ ಆಮೇಲೆ. ಎತ್ತಿ ಹೊರಳಿಸಿ ಹೊರಳಿಸಿ ಇವರ ಸೊಂಟ ಹಿಡಿದುಕೊಂಡಿದೆ. ಪಾಳಿ ಮುಗಿಸಿ ಮನೆಗೆ ಹೋದರೆ ಬೋರಲು ಮಲಗುತ್ತಾರೆ, ಮಗಳು ಬೆನ್ನ ಮೇಲೆ ನಡೆದಾಡುತ್ತಾಳೆ. "ಅವಳೂ ಬೆಳೀತಾ ಇದ್ದಾಳೆ. ಇನ್ನೊಂದು ವರ್ಷಕ್ಕೆ ಹಗುರ ಇರೋರು ಯಾರನ್ನಾದ್ರೂ ಹುಡುಕ್ಕೋಬೇಕು."

ಇಂದಿನ ಚಿಂತೆ ಮೂಲೆಯ ಮಂಚದ್ದು. ವೃದ್ಧೆ ಹೊಲಿಗೆ ಅಂಗಡಿಯವರು. ನ್ಯುಮೋನಿಯಾದಿಂದ ಒಂದು ವಾರಕ್ಕೂ ಮೇಲೆ ಯಂತ್ರದ ಆಸರೆಯಲ್ಲಿದ್ದಾರೆ. ಶ್ವಾಸಕೋಶ ಚೇತರಿಸಿಕೊಂಡಿದೆ. ನಿದ್ದೆಯ ಮದ್ದು ಇಳಿಸಿ, ಸ್ವಂತವಾಗಿ ಉಸಿರಾಡಬಲ್ಲರೇ ಎಂದು ನಿನ್ನೆಯೇ ಪರೀಕ್ಷಿಸಬೇಕಿತ್ತು. ಆದರೆ ಎಚ್ಚರವಾಗುತ್ತಿದ್ದಂತೆ ಬಲಗೈ ಮುಖದತ್ತ ಚಿಮ್ಮಿತು. ನಳಿಕೆಗೇ ಕೈ ಹಾಕಿದರೆಂದು ಹೆದರಿ ಕಟ್ಟಿದರು, ಮತ್ತೆ ನಿದ್ದೆಗೆ ತಳ್ಳಿದರು. ಇಂದೂ ಆಗದಿದ್ದರೆ ಕತ್ತಿನಲ್ಲಿ ರಂಧ್ರ ಮಾಡಿ ಅಲ್ಲಿಂದ ನಳಿಕೆ ಹಾಕುವುದೆಂದು ವೈದ್ಯೆ ಹೇಳಿದ್ದಾರೆ.

ಪಟ್ಟಿ ಬಿಚ್ಚುವ ಮುನ್ನಿನ ಮಾತಿದು: ಹೊರಗಿನ ಬೆಂಚಿನಲ್ಲಿ ವೃದ್ಧೆಯ ಮಗಳು ಚಪ್ಪಲಿಯನ್ನೂ ಬಿಡದೆ ಮುದುಡಿ ಕೂತಿದ್ದಾಳೆ. "ಅಮ್ಮನ್ನ ಕಳ್ಳಿ ಥರ ಕಟ್ಟಿದ್ದೀರಿ. ಈಗ ಕತ್ತೂ ಕೊಯ್ತೀರಾ ಬ್ರದರ್?"

ಬ್ರದರ್ ವಾದಿಸುವುದಿಲ್ಲ. "ನಳಿಕೆ ಕಿತ್ತುಕೊಂಡ್ರೆ ಗಂಟಲು ಊದಿ ಪ್ರಾಣಕ್ಕೇ ಕುತ್ತು ಬರುತ್ತಮ್ಮ. ಕಟ್ಟಿದ್ದು ನಾನೇ," ಎನ್ನುತ್ತಾರೆ. ಒಳಗೆ ಬಂದ ಮೇಲೆ ಜೊತೆಯ ಸಿಸ್ಟರ್ ಬಳಿ ಮಾತು ಮುಂದುವರಿಸುತ್ತಾರೆ: "ಆದ್ರೆ ಕಟ್ಟಿದ ಕೈ ಏನನ್ನೂ ಹೇಳಲ್ಲ. ಬಾಯಲ್ಲಿ ನಳಿಕೆ ಇರೋರಿಗೆ ಹೇಳೋಕೆ ಇರೋದು ಅದೊಂದೇ. ಅದು ನಿಜವಾಗ್ಲೂ ಎಲ್ಲಿಗೆ ಹೊರಟಿತ್ತು ಅಂತ ನೋಡ್ಬೇಕು."

ವೈದ್ಯೆಯ ಒಪ್ಪಿಗೆ ಸಿಕ್ಕಿದೆ. ನಿದ್ದೆಯ ಮದ್ದು ಮೆಲ್ಲಗೆ ಇಳಿಯುತ್ತಿದೆ. ಬಿಚ್ಚಿದ ಕೈಯ ಮಣಿಕಟ್ಟಿನ ಕೆಳಗೆ ಬ್ರದರ್ ತಮ್ಮ ಅಂಗೈ ಇಟ್ಟಿದ್ದಾರೆ, ಹಿಡಿದಿಲ್ಲ. ಬೆರಳುಗಳು ಅಲುಗುತ್ತವೆ. ಕೈ ಏಳುತ್ತದೆ, ಎದೆ ದಾಟುತ್ತದೆ, ಗದ್ದ ಮುಟ್ಟುತ್ತದೆ. ನಳಿಕೆ ಎರಡು ಬೆರಳಷ್ಟೇ ದೂರ. ಎದುರು ನಿಂತ ಸಿಸ್ಟರ್ ಮುಂದಕ್ಕೆ ಬಾಗುತ್ತಾರೆ. "ಬ್ರದರ್, ಹಿಡ್ಕೊಳ್ಳಿ!"

"ತಡೀರಿ."

ಕೈ ನಳಿಕೆಯನ್ನು ದಾಟಿ ಹೋಗುತ್ತದೆ. ಕೆನ್ನೆ ಸವರಿ, ಕಿವಿಯ ಹಿಂದೆ ತಡಕುತ್ತದೆ. ಬ್ರದರ್ ತಲೆಯನ್ನು ನಯವಾಗಿ ಹೊರಳಿಸಿ ನೋಡುತ್ತಾರೆ. ನಳಿಕೆ ಜಾರದಂತೆ ಕಟ್ಟಿದ ದಾರದ ಅಡಿಯಲ್ಲಿ ಕಿವಿ ಮಡಚಿಕೊಂಡಿದೆ, ಮಡಿಕೆಯಲ್ಲಿ ಚರ್ಮ ಕೆಂಪಗೆ ಹಸಿಯಾಗಿದೆ.

"ಈ ದಾರ ಕಟ್ಟಿದ್ದು ಯಾರು?" ಸಿಸ್ಟರ್ ಕೇಳುತ್ತಾರೆ.

"ಇನ್ಯಾರು? ಈ ಮಹಾನುಭಾವನೇ."

ಸಿಸ್ಟರ್ ನಳಿಕೆಯನ್ನು ಅಲುಗದಂತೆ ಹಿಡಿಯುತ್ತಾರೆ. ಬ್ರದರ್ ದಾರ ಕತ್ತರಿಸಿ, ಕಿವಿ ಬಿಡಿಸಿ, ಮೆತ್ತನೆ ಬಟ್ಟೆಯಿಟ್ಟು ಹೊಸದಾಗಿ ಕಟ್ಟುತ್ತಾರೆ. ಕೈ ತಾನಾಗಿಯೇ ಹಾಸಿಗೆಗೆ ಇಳಿಯುತ್ತದೆ. ಎಡಗೈಯ ಪಟ್ಟಿಯನ್ನೂ ತೆಗೆಯುತ್ತಾರೆ.

ವೈದ್ಯೆ ಬಂದು ಯಂತ್ರದ ಆಸರೆ ತಗ್ಗಿಸುತ್ತಾರೆ. ಅರ್ಧ ಗಂಟೆ ಬ್ರದರ್ ಕೂರುವುದಿಲ್ಲ, ವೃದ್ಧೆಯ ಎದೆಯ ಮೇಲಿಂದ ಕಣ್ಣು ತೆಗೆಯುವುದಿಲ್ಲ. ಎದೆ ಏರುತ್ತದೆ, ಇಳಿಯುತ್ತದೆ. ಒಮ್ಮೆ ತಡವರಿಸಿ ಮತ್ತೆ ಏರುತ್ತದೆ. ಕೊನೆಗೆ ವೈದ್ಯೆ ತಲೆಯಾಡಿಸುತ್ತಾರೆ. ನಳಿಕೆ ಹೊರಬರುತ್ತದೆ. ಕತ್ತು ಕೊಯ್ಯುವ ಮಾತು ಇನ್ನಿಲ್ಲ.

ಮಧ್ಯಾಹ್ನ ಮಗಳನ್ನು ಒಳಗೆ ಬಿಟ್ಟಾಗ ತಾಯಿ ನೋಡುತ್ತಿರುವುದು ತಮ್ಮ ಮಣಿಕಟ್ಟುಗಳನ್ನು.

"ಯಾರು ನನ್ನ ಕೈ ಕಟ್ಟಿದ್ದು?" ದನಿ ಒಡೆದಿದೆ.

"ನಾನೇ ಅಮ್ಮಾ."

"ನೋಡೋಕೆ ಒಳ್ಳೆ ಮನೆ ಹುಡುಗನ ಹಾಗಿದ್ದೀಯ, ಕತ್ತರಿ ಹಿಡಿದು ಮೂರು ಮಕ್ಕಳನ್ನ ಸಾಕಿದ ಕೈ ಕಣೋ ಇದು, ದನ ಕಟ್ಟಿದ ಹಾಗೆ ಕಟ್ತೀಯಾ, ನಿನ್ನ ಕೈ ಸೇದಿಹೋಗ!"

"ಅಯ್ಯೋ, ಸುಮ್ನಿರಮ್ಮ!" ಮಗಳು ನಾಚಿ ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾಳೆ.

"ತಡೀಬೇಡಿ, ಬೈಲಿ," ಎನ್ನುತ್ತಾರೆ ಬ್ರದರ್. "ಎಲ್ಲೂ ನಿಲ್ಲಿಸದೆ ಬೈದ್ರು, ಕೇಳಿದ್ರಾ? ಅಷ್ಟೂ ಉಸಿರು ಅವರದ್ದೇ."