ಭಾವ ಕಟ್ಟಿದ ಗಂಟು

ಪೈಪಣ್ಣ ಎಂದರೆ ದಡದ ದೋಣಿಯವರಿಗೆಲ್ಲ ಗೊತ್ತು. ದೋಣಿಗಳಿಗೆ ಕಕ್ಕಸು ಕೂರಿಸುವುದೇ ಅವನ ಕಸುಬು. ಅವನು ಜೋಡಿಸಿದ ಪಂಪಿನ ರಭಸಕ್ಕೆ ದೋಣಿಯೊಂದು ಲಂಗರು ಕಿತ್ತುಕೊಂಡು ಎದುರು ದಡ ಸೇರಿತ್ತಂತೆ; ಒಳಗೆ ಕೂತಿದ್ದವರಿಗೆ ಗೊತ್ತೇ ಆಗಲಿಲ್ಲವಂತೆ. ನಂಬುವವರು ನಂಬಿ.

ಅಕ್ಕನ ದೋಣಿಯ ವಿಷಯ ಬಂದರೆ ಮಾತ್ರ ಅವನ ನಗು ಅಡಗುತ್ತಿತ್ತು. ಭಾವ ತೀರಿಕೊಂಡ ಮೇಲೂ ಅಕ್ಕ ದೋಣಿಯಲ್ಲೇ ವಾಸ. ಅಲ್ಲಿದ್ದದ್ದು ಕೈಪಂಪಿನ ಕಕ್ಕಸು. ಹೊರಗಿನ ನೀರು ಬರಲು ತಳದ ತೂತಿನ ವಾಲ್ವ್ ತೆರೆದು, ಇಪ್ಪತ್ತು ಸಲ ಪಂಪು ಹೊಡೆದು, ಮತ್ತೆ ಮುಚ್ಚಬೇಕು. ಮುಚ್ಚಿದ್ದಕ್ಕೆ ಗುರುತಾಗಿ ಎಡಚನಾದ ಭಾವ ಅದರ ಹಿಡಿಗೆ ಕೆಂಪು ಬಟ್ಟೆ ಸುತ್ತಿ, ಬೇರೆ ಯಾರಿಗೂ ಬಾರದ ತನ್ನ ಎಡಗೈ ಗಂಟು ಹಾಕುತ್ತಿದ್ದ. ಮುಚ್ಚಲು ಮರೆತರೆ ದೋಣಿ ಮುಳುಗಿದಂತೆಯೇ. ಅಕ್ಕನಿಗೋ ವಿಪರೀತ ಮರೆವು.

"ಗುಂಡಿ ಒತ್ತೋದು ಹಾಕ್ತೀನಿ ಕಣಕ್ಕ. ಟ್ಯಾಂಕಿನ ನೀರೇ ಸಾಕು. ತಳದ ತೂತು ಖಾಯಂ ಮುಚ್ಚಿಬಿಡ್ತೀನಿ."

"ತೂತು ಮುಚ್ಬೇಡ್ವೋ. ನಾನು ಮರೆತಾಗೆಲ್ಲ ನಿನ್ನ ಭಾವಾನೇ ಬಂದು ವಾಲ್ವ್ ಮುಚ್ತಾರೆ."

"ಬದುಕಿದ್ದಾಗ ಬಾಗಿಲೂ ಮುಚ್ತಿರ್ಲಿಲ್ಲ ಮಹಾರಾಯ್ರು!"

ಅಕ್ಕ ನಗಲಿಲ್ಲ.

ಪೈಪಣ್ಣ ಕೆಂಪು ಬಟ್ಟೆ ಬಿಚ್ಚಿ ಕಸದ ಬುಟ್ಟಿಗೆಸೆದ. ಹಳೆಯ ಪೈಪು ಕಿತ್ತ. ಸರಿಯಿದೆಯೇ ಎಂದು ವಾಲ್ವನ್ನು ಸ್ವಲ್ಪ ತೆರೆದು ನೋಡುವಷ್ಟರಲ್ಲಿ ಅಂಗಡಿಯವನ ಫೋನು ಬಂತು: "ಬಾಗಿಲು ಹಾಕ್ತಿದ್ದೀನಿ ಅಣ್ಣಾ, ಪೈಪು ಬಿಗಿಯೋ ಪಟ್ಟಿ ಬೇಕಿದ್ರೆ ಈಗ್ಲೇ ಬನ್ನಿ." ಅಕ್ಕನೂ ಸೋಪು ತರಬೇಕೆಂದು ಜೊತೆಗೇ ಹೊರಟಳು. ಪೈಪಣ್ಣ ದೋಣಿಗೆ ಬೀಗ ಜಡಿದು ಕೀಲಿಯನ್ನು ಕಿಸೆಗೆ ಹಾಕಿಕೊಂಡ.

ಅಂಗಡಿಯಲ್ಲಿ ಪಟ್ಟಿಯ ತಿರುಪು ತಿರುಗಿಸುವಾಗ ಅವನಿಗೆ ನೆನಪಾಯಿತು. ವಾಲ್ವ್! ತೆರೆದದ್ದನ್ನು ಮುಚ್ಚಿರಲಿಲ್ಲ. ಕೊಟ್ಟ ಸಾಮಾನು ಅಲ್ಲೇ ಬಿಟ್ಟು ಓಡಿದ.

ದೋಣಿ ತೇಲುತ್ತಲೇ ಇತ್ತು. ಬೀಗ ಹಾಕಿದಂತೆಯೇ ಇತ್ತು. ತೆಗೆದು ನೋಡಿದರೆ ಒಳಗೆ ನೆಲದ ಮೇಲೆ ಒಂದು ತಂಬಿಗೆಯಷ್ಟು ನೀರು, ಅಷ್ಟೇ. ವಾಲ್ವ್ ಬಿಗಿಯಾಗಿ ಮುಚ್ಚಿತ್ತು. ಅದರ ಹಿಡಿಗೆ ಬುಟ್ಟಿಯಲ್ಲಿದ್ದ ಕೆಂಪು ಬಟ್ಟೆ ಸುತ್ತಿತ್ತು. ಒದ್ದೆಬಟ್ಟೆ. ಎಡಗೈ ಗಂಟು.

ಅವನು ಬಿಟ್ಟು ಬಂದ ಸಾಮಾನು ಹೊತ್ತು ಹಿಂದೆ ಏದುಸಿರು ಬಿಡುತ್ತಾ ಬಂದ ಅಕ್ಕ ಕೇಳಿದಳು, "ಏನಾಯ್ತೋ? ವಾಲ್ವ್ ಮುಚ್ಚೇ ಬಂದಿದ್ಯಲ್ಲ?"

"ಹೂಂ," ಎಂದ.

ಸಂಜೆಯೊಳಗೆ ಗುಂಡಿ ಒತ್ತುವ ಕಕ್ಕಸು ಕೂತಿತು. ಅಕ್ಕ ಗುಂಡಿ ಒತ್ತಿದಳು, ನೀರು ಗುರ್ರೆಂದು ಹರಿಯಿತು. ಪೈಪಣ್ಣ ತೂತಿಗೆಂದು ತಂದಿದ್ದ ಮುಚ್ಚಳವನ್ನು ಚೀಲಕ್ಕೆ ಹಾಕಿಕೊಂಡ.

"ತೂತು?"

"ಇರ್ಲಿ ಬಿಡಕ್ಕ. ಭಾವಂಗೂ ಏನಾದ್ರೂ ಕೆಲ್ಸ ಬೇಡ್ವಾ?"

ಆ ಗಂಟನ್ನು ಮಾತ್ರ ಅವನು ಮುಟ್ಟಲಿಲ್ಲ. ದೋಣಿಯಿಂದಿಳಿಯುವಾಗ ಎಂದೂ ಇಲ್ಲದಂತೆ ಬಾಗಿಲನ್ನು ಎರಡು ಸಲ ತಟ್ಟಿ, "ಬರ್ತೀನಿ ಭಾವ," ಎಂದ.