ಟ್ಯಾಂಕಿಗೆ ತಾಗದ ಗಾಳಿ

ಹೊಸದೆಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಹೊಸ ಚಪ್ಪಲಿ ಕಚ್ಚುತ್ತದೆ. ಹೊಸ ಅಕ್ಕಿ ಅನ್ನವಾಗುವ ಬದಲು ಮುದ್ದೆಯಾಗುತ್ತದೆ. ಹೊಸ ಸೀರೆಯ ಗಂಜಿ ಬಿಡುವವರೆಗೆ ನಾವು ಸೀರೆ ಉಟ್ಟಿದ್ದೇವೋ, ಸೀರೆಯೇ ನಮ್ಮನ್ನು ಉಟ್ಟುಕೊಂಡಿದೆಯೋ ತಿಳಿಯುವುದಿಲ್ಲ. ಮಗ್ಗಗಳ ಊರಾದ ದೊಡ್ಡಬಳ್ಳಾಪುರದಲ್ಲಿ ಹುಟ್ಟಿ ಬೆಳೆದವಳು ನಾನು, ಇದನ್ನು ಅಧಿಕಾರದಿಂದಲೇ ಹೇಳಬಲ್ಲೆ. ಇಂಥವಳಿಗೆ ಸಿಕ್ಕ ಕೆಲಸವೋ, ಹೊಸದನ್ನು ಬರಮಾಡಿಕೊಂಡು ಹಳೆಯದರ ಪಕ್ಕದಲ್ಲಿ ಜಗಳವಿಲ್ಲದಂತೆ ಕೂರಿಸುವುದು.

ಎಪ್ಪತ್ತರ ದಶಕದ ನಡುವಿನ ಮಾತು. ಗಣಿತದಲ್ಲಿ ಎಂ.ಎಸ್ಸಿ. ಮಾಡಿಕೊಂಡು ಬೆಂಗಳೂರಿನ ಒಂದು ಕಂಪ್ಯೂಟರ್ ಕೇಂದ್ರಕ್ಕೆ ಸೇರಿದ್ದೆ. ಬೆಳಿಗ್ಗೆ ರೈಲು, ಸಂಜೆ ರೈಲು, ನಡುವೆ ತಣ್ಣನೆಯ ಕೋಣೆಯಲ್ಲಿ ಒಂದು ಯಂತ್ರ. ಅದರ ಮುಂದೆ ನಾವು ಚಪ್ಪಲಿ ಬಿಟ್ಟು ಹೋಗಬೇಕಿತ್ತು. ಮನೆಯಲ್ಲಿ ದೇವರ ಕೋಣೆಗೂ ನಾನು ಅಷ್ಟು ಶ್ರದ್ಧೆಯಿಂದ ಹೋದವಳಲ್ಲ. ನಮ್ಮ ಬೀದಿಯವರಿಗೆ ಆ ಯಂತ್ರದ ಕೆಲಸ ಏನೆಂದು ವಿವರಿಸಲು ನಾನು ಪಟ್ಟ ಪಾಡು ದೊಡ್ಡದು. ಲೆಕ್ಕ ಮಾಡುತ್ತದೆ ಎಂದೆ. ಮಾರನೆಯ ದಿನ ಎದುರುಮನೆಯವರು ಮಗಳ ಜಾತಕ ತಂದುಕೊಟ್ಟರು. ಜಾತಕವೂ ಲೆಕ್ಕವೇ ತಾನೇ? ಅವರ ತರ್ಕದಲ್ಲಿ ತಪ್ಪು ಹುಡುಕಲು ನನ್ನಿಂದ ಇವತ್ತಿಗೂ ಆಗಿಲ್ಲ.

ಯಂತ್ರದೊಳಗೆ ಒಂದು ಲೈಬ್ರರಿ ಇತ್ತು. ಪುಸ್ತಕದ್ದಲ್ಲ. ಮದುವೆ ಮನೆಯ ಉಗ್ರಾಣ ಎಂದುಕೊಂಡರೆ ಹತ್ತಿರವಾಗುತ್ತದೆ. ಅಡುಗೆಯವರು ಉಪ್ಪು, ಬೆಲ್ಲ, ಹುಣಿಸೆಹಣ್ಣನ್ನು ತಾವೇ ಬೆಳೆಯಲು ಹೋಗುವುದಿಲ್ಲ, ಉಗ್ರಾಣದಿಂದ ತರಿಸಿಕೊಳ್ಳುತ್ತಾರೆ. ಹಾಗೆಯೇ ಲೆಕ್ಕದ ಪ್ರೋಗ್ರಾಂ ಬರೆಯುವವರು ಎಲ್ಲರಿಗೂ ಬೇಕಾಗುವ ಸಣ್ಣ ಸಣ್ಣ ತುಣುಕುಗಳನ್ನು ಲೈಬ್ರರಿಯಿಂದ ಹೆಸರು ಹೇಳಿ ತರಿಸಿಕೊಳ್ಳುತ್ತಿದ್ದರು. ಪ್ರೋಗ್ರಾಂ ಎಂದರೆ ಆಗ ತೂತು ಹೊಡೆದ ಕಾರ್ಡುಗಳ ಒಂದು ಕಟ್ಟು. ಕಟ್ಟಿನ ಮೇಲುಗಡೆ ಕೆಲವು ಆಜ್ಞೆಯ ಕಾರ್ಡುಗಳು: ಇಂಥ ಉಗ್ರಾಣಕ್ಕೆ ಹೋಗು, ಇಂಥ ಸಾಮಾನು ತಾ, ಇದನ್ನೂ ಅದನ್ನೂ ಜೋಡಿಸು, ಆಮೇಲೆ ಒಲೆ ಹಚ್ಚು. ಈ ಆಜ್ಞೆಗಳನ್ನು ಸರಿಯಾಗಿ ಜೋಡಿಸಿಕೊಡುವುದು ನನ್ನ ಪಾಲಿಗೆ ಬಂದಿತ್ತು.

ಒಂದು ಬೇಸಿಗೆಯಲ್ಲಿ ನಮ್ಮ ಕೇಂದ್ರಕ್ಕೆ ಹೊಸ ಲೈಬ್ರರಿ ಬಂತು. ಹೊಸದು ಚುರುಕು, ಹೊಸದು ಕಡಿಮೆ ಜಾಗದಲ್ಲಿ ಕೂರುತ್ತದೆ ಎಂದು ಎಲ್ಲರೂ ಹೊಗಳಿದರು. ಎರಡನ್ನೂ ಇಟ್ಟುಕೊಳ್ಳಲು ಸ್ಥಳವಿರಲಿಲ್ಲವಾದ್ದರಿಂದ ಹಳೆಯದನ್ನು ಅಳಿಸಿ, ಆ ಟೇಪನ್ನು ಬೇರೆ ಕೆಲಸಕ್ಕೆ ಕೊಟ್ಟರು. ಅಂದಿನಿಂದ ಹಳೆಯ ಪ್ರೋಗ್ರಾಂಗಳು ಒಂದೊಂದಾಗಿ ಮುಖ ಸಿಂಡರಿಸಿಕೊಂಡು ವಾಪಸು ಬರತೊಡಗಿದವು. ಕೇಳಿದ ಹೆಸರಿನ ತುಣುಕು ಇಲ್ಲಿಲ್ಲ ಎನ್ನುವುದೊಂದೇ ಯಂತ್ರದ ದೂರು.

ಇಂಥ ಗೊಂದಲವನ್ನು ನಾನು ಚಿಕ್ಕವಳಿದ್ದಾಗಲೇ ನೋಡಿದ್ದೆ. ಸೇರು ಹೋಗಿ ಕಿಲೋ ಬಂದ ಕಾಲ. ನಮ್ಮಜ್ಜಿ ಅಂಗಡಿಗೆ ಹೋದರೆ ಕೇಳುತ್ತಿದ್ದುದು ಸೇರಿನ ಲೆಕ್ಕದ ಪಾವು, ಅಚ್ಚೇರು. ಅಂಗಡಿಯ ಶೆಟ್ಟರು ಒಂದು ಕ್ಷಣ ಮೇಲೆ ನೋಡಿ, ಮನಸ್ಸಿನಲ್ಲೇ ಏನನ್ನೋ ಕೂಡಿ ಕಳೆದು, ಗ್ರಾಂ ತೂಕದ ಬಟ್ಟಿಟ್ಟು ತೂಗಿಕೊಡುತ್ತಿದ್ದರು. ಅಜ್ಜಿಗೆ ಪಾವು ಸಿಗುತ್ತಿತ್ತು, ಸರ್ಕಾರಕ್ಕೆ ಗ್ರಾಂ ಸಿಗುತ್ತಿತ್ತು, ಇಬ್ಬರ ಮನಸ್ಸೂ ನೋಯುತ್ತಿರಲಿಲ್ಲ. ಅಜ್ಜಿ ಸಾಯುವವರೆಗೂ ದೇಶದಲ್ಲಿ ಕಿಲೋ ಬಂದಿದೆ ಎಂಬುದನ್ನು ಒಪ್ಪಲಿಲ್ಲ. ಶೆಟ್ಟರೂ ಒಪ್ಪಿಸಲು ಹೋಗಲಿಲ್ಲ.

ನಾನೂ ಹಾಗೆಯೇ ಒಂದೊಂದು ಕಟ್ಟಿನ ಆಜ್ಞೆಯ ಕಾರ್ಡುಗಳನ್ನು ಬದಲಿಸುತ್ತ ಹೋದೆ. ಹಳೆಯ ಹೆಸರು ಕೇಳಿದರೆ ಹೊಸ ಹೆಸರಿನದನ್ನು ತಂದುಕೊಡು ಎಂದು ಹೇಳಿಟ್ಟೆ. ಹೆಚ್ಚಿನವು ಮಾತಿಲ್ಲದೆ ನಡೆದವು. ಎಂಜಿನಿಯರ್ ಶ್ರೀಕಂಠಯ್ಯನವರ ಕಟ್ಟೂ ನಡೆಯಿತು. ತೊಂದರೆಯಾದದ್ದು ಅದು ನಡೆದದ್ದರಿಂದಲೇ.

ಶ್ರೀಕಂಠಯ್ಯನವರು ಹಳ್ಳಿಗಳಿಗೆ ನೀರಿನ ಟ್ಯಾಂಕು ಕಟ್ಟಿಸುವ ಕೆಲಸದಲ್ಲಿದ್ದವರು. ಎತ್ತರದ ಕಂಬಗಳ ಮೇಲೆ ಕೂರುವ ಟ್ಯಾಂಕು. ಕಂಬ ಎಷ್ಟು ದಪ್ಪವಿರಬೇಕೆಂಬ ಲೆಕ್ಕವನ್ನು ಅವರು ಕೈಯಲ್ಲೇ ಮಾಡಬಲ್ಲವರಾಗಿದ್ದರು. ಆದರೆ ಒಮ್ಮೆ ಯಂತ್ರದಲ್ಲಿ ಮಾಡಿಸಿ ಮೇಲಿನವರಿಗೆ ತೋರಿಸಿದ್ದೇ ತಪ್ಪಾಗಿ, ಅಲ್ಲಿಂದ ಮುಂದೆ ಯಂತ್ರದ ಕಾಗದವಿಲ್ಲದೆ ಯಾರೂ ಅವರ ಮಾತು ಕೇಳುತ್ತಿರಲಿಲ್ಲ. ಆ ಸಲದ ಟ್ಯಾಂಕು ಸಾಸಲು ಎಂಬ ಹಳ್ಳಿಯದು, ನಮ್ಮ ತಾಲೂಕಿನದೇ. ಅಲ್ಲಿ ಬೋರು ಕೊರೆಸಿ ಒಳ್ಳೆಯ ನೀರು ಸಿಕ್ಕಿತ್ತು. ನಿಲ್ಲಿಸಿಕೊಳ್ಳಲು ಟ್ಯಾಂಕಿರಲಿಲ್ಲ. ಕರೆಂಟು ಇದ್ದಷ್ಟು ಹೊತ್ತು ಹೆಂಗಸರು ಕೊಡಗಳನ್ನು ಸಾಲಿಟ್ಟು ಕಾಯುತ್ತಿದ್ದರು. ಕರೆಂಟು ಹೋದರೆ ಖಾಲಿ ಕೊಡ ಹೊತ್ತು ಮನೆಗೆ.

ಇದನ್ನೆಲ್ಲ ನನಗೆ ಹೇಳಿದವರು ಸಾಸಲಿನ ಪಂಚಾಯಿತಿ ಚೇರ್ಮನ್ ಮುನಿಯಪ್ಪನವರು. ಟ್ಯಾಂಕಿನ ಕೆಲಸಕ್ಕೆಂದು ವಾರಕ್ಕೊಮ್ಮೆಯಾದರೂ ಬೆಂಗಳೂರಿಗೆ ಬರುತ್ತಿದ್ದವರು. ಮಿಷನ್ನಿನಲ್ಲಿ ಕೆಲಸ ಮಾಡುವ ಹೆಂಗಸು ತಮ್ಮ ರೈಲಿನಲ್ಲೇ ಹೋಗುತ್ತಾಳೆಂದು ಯಾರಿಂದಲೋ ತಿಳಿದು, ದೊಡ್ಡಬಳ್ಳಾಪುರದ ಪ್ಲಾಟ್‌ಫಾರಂನಲ್ಲಿ ನನ್ನನ್ನು ಹಿಡಿದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲು, ಮಾತಿನಲ್ಲಿ ಅವಸರವಿಲ್ಲ.

ಸಾಸಲಿನ ಲೆಕ್ಕ ಹೊಸ ಲೈಬ್ರರಿಯಲ್ಲಿ ಮುಗಿದು ಅಗಲ ಕಾಗದದಲ್ಲಿ ಹೊರಬಂದಾಗ ಶ್ರೀಕಂಠಯ್ಯನವರ ಮುಖ ಅರಳಿತು. ಕಂಬಗಳು ಅವರು ಅಂದುಕೊಂಡದ್ದಕ್ಕಿಂತ ತೆಳ್ಳಗಾಗಿದ್ದವು. ಆಗ ಸಿಮೆಂಟು ಪರ್ಮಿಟ್ಟಿನ ಮೇಲೆ ಸಿಗುತ್ತಿದ್ದ ವಸ್ತು. ಸಾಸಲಿಗೆ ಸಿಕ್ಕಿದ್ದ ಪರ್ಮಿಟ್ಟಿನ ಸಿಮೆಂಟು ಈ ತೆಳ್ಳನೆಯ ಕಂಬಗಳಿಗೆ ಸರಿಯಾಗಿ ಸಾಲುತ್ತಿತ್ತು. ಎಲ್ಲರಿಗೂ ಒಪ್ಪುವ ಉತ್ತರ ಬಂದರೆ ಗಣಿತದವರಿಗೆ ಅನುಮಾನ ಬರುತ್ತದೆ. ಕಾಗದವನ್ನು ಮತ್ತೆ ನೋಡಿದೆ. ಟ್ಯಾಂಕು ತುಂಬಿದಾಗ ಕಂಬದ ಮೇಲೆ ಬೀಳುವ ಭಾರದ ಲೆಕ್ಕ ಸರಿಯಾಗಿತ್ತು. ಅದರ ಕೆಳಗೆ ಗಾಳಿಯ ಲೆಕ್ಕ. ಎಷ್ಟೇ ಗಾಳಿ ಬೀಸಿದರೂ ಟ್ಯಾಂಕು ಕೂದಲೆಳೆಯಷ್ಟೂ ಅಲುಗುವುದಿಲ್ಲ ಎಂದಿತ್ತು.

"ಗಾಳಿ ತಾಗ್ತಾನೇ ಇಲ್ಲ ಸಾರ್ ಇದಕ್ಕೆ" ಎಂದೆ.

"ನೋಡಿ ಪದ್ಮಾವತಿಯವರೇ, ಈ ಕಾಗದ ತಿಂಗಳೊಳಗೆ ಮೇಲಕ್ಕೆ ಹೋಗ್ಬೇಕು. ಇಲ್ಲದಿದ್ರೆ ಸಾಸಲು ಮುಂದಿನ ವರ್ಷಕ್ಕೆ. ಮಿಷನ್ನೇ ಹೇಳಿರೋವಾಗ ನೀವ್ಯಾಕೆ ಅನುಮಾನ ಪಡ್ತೀರಿ?"

"ಮಿಷನ್ನಿಗೆ ಹೇಳಿಕೊಟ್ಟೋಳು ನಾನೇ ಅಲ್ವಾ ಸಾರ್, ಅದಕ್ಕೇ ಅನುಮಾನ."

ಅವರು ಕೆಟ್ಟವರಲ್ಲ. ಕಾಗದವನ್ನು ಮತ್ತೆ ಕೈಗೆ ತೆಗೆದುಕೊಂಡು ಗಾಳಿಯ ಸಾಲನ್ನು ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಅದನ್ನು ನನ್ನ ಮೇಜಿನ ಮೇಲೇ ಬಿಟ್ಟುಹೋದರು.

ಮಾರನೆಯ ದಿನ ಪ್ಲಾಟ್‌ಫಾರಂನಲ್ಲಿ ಮುನಿಯಪ್ಪನವರು.

"ಕಾಗ್ದ ಬಂದೈತಂತಲ್ಲಮ್ಮ?"

"ಬಂದಿದೆ. ಆದ್ರೆ ಸರಿಯಿಲ್ಲ, ಅದಕ್ಕೆ ಕೊಟ್ಟಿಲ್ಲ."

"ಏನಾಗೈತೆ?"

"ಎಷ್ಟು ಗಾಳಿ ಬಂದ್ರೂ ಟ್ಯಾಂಕು ಅಲ್ಲಾಡಲ್ಲ ಅಂತ ಬಂದಿದೆ."

"ಅಲ್ಲಾಡ್ದಿದ್ರೆ ಒಳ್ಳೇದೇ ಅಲ್ವೇನಮ್ಮ?"

ರೈಲು ಬಂದು ನನ್ನನ್ನು ಕಾಪಾಡಿತು.

ಹೊಸ ಲೈಬ್ರರಿಯ ಜೊತೆ ಬಂದಿದ್ದ ದಪ್ಪ ಪುಸ್ತಕವನ್ನು ಮನೆಗೆ ತಂದು, ಮಗ್ಗಗಳ ಸದ್ದಿನ ನಡುವೆ ಕೂತು ಓದಿದೆ. ಇಂಥ ಪುಸ್ತಕಗಳು ತಾವು ಏನೇನು ಮಾಡುತ್ತೇವೆಂದು ಹಿಗ್ಗಿ ಹೇಳುತ್ತವೆ, ಏನು ಕೆಡಿಸುತ್ತೇವೆಂಬುದನ್ನು ಮಾತ್ರ ಅಡಿಟಿಪ್ಪಣಿಯಲ್ಲಿ ಪಿಸುಗುಟ್ಟುತ್ತವೆ. ವಿಷಯ ಇಷ್ಟೇ. ಸಮೀಕರಣ ಬಿಡಿಸುವ ಹಳೆಯ ತುಣುಕು ಶಿಸ್ತಿನ ಹುಡುಗನಂತಿತ್ತು. ಸ್ಲೇಟಿನ ಮೇಲಿದ್ದ ಲೆಕ್ಕವನ್ನು ಮುಟ್ಟದೆ ಉತ್ತರವನ್ನು ಬೇರೆ ಸ್ಲೇಟಿನಲ್ಲಿ ಬರೆದುಕೊಡುತ್ತಿತ್ತು. ಹೊಸದು ಜಾಗ ಉಳಿಸುವ ಚುರುಕಿನಲ್ಲಿ, ಕೊಟ್ಟ ಲೆಕ್ಕವನ್ನೇ ಅಳಿಸಿ ಅದರ ಮೇಲೆಯೇ ಬರೆಯುತ್ತ ಹೋಗುತ್ತಿತ್ತು. ಭಾರದ ಲೆಕ್ಕ ಮುಗಿಯುವಷ್ಟರಲ್ಲಿ ಸ್ಲೇಟಿನ ಮೇಲೆ ಟ್ಯಾಂಕಿನ ಕಂಬಗಳೇ ಉಳಿದಿರಲಿಲ್ಲ. ಮುಂದೆ ಗಾಳಿ ಬೀಸಿದ್ದು ಸಾಸಲಿನ ಟ್ಯಾಂಕಿನ ಮೇಲಲ್ಲ, ಅಳಿಸಿದ ಗೀಟುಗಳಲ್ಲಿ ತಾನಾಗಿ ಮೂಡಿದ್ದ ಯಾವುದೋ ಬಂಡೆಯ ಮೇಲೆ. ಬಂಡೆ ಅಲುಗಲಿಲ್ಲ, ದಪ್ಪ ಕಂಬ ಬೇಕೆಂದೂ ಕೇಳಲಿಲ್ಲ. ಯಂತ್ರ ಸುಳ್ಳು ಹೇಳಿರಲಿಲ್ಲ, ಪಾಪ.

ಹೊಸ ತುಣುಕನ್ನು ತಿದ್ದುವ ಅಧಿಕಾರ ನನಗಿರಲಿಲ್ಲ. ಶ್ರೀಕಂಠಯ್ಯನವರ ಕಟ್ಟನ್ನು ಪೂರ್ತಿ ಬದಲಿಸುವಷ್ಟು ಸಮಯವಿರಲಿಲ್ಲ. ಆದ್ದರಿಂದ ಇಬ್ಬರ ನಡುವೆ ಒಬ್ಬ ದುಭಾಷಿಯನ್ನು ಕೂರಿಸಿದೆ. ಅವನು ಇನ್ನೊಂದು ಸಣ್ಣ ತುಣುಕು, ಹಳೆಯ ಹೆಸರಿನವನೇ. ಲೆಕ್ಕ ಬಂದೊಡನೆ ಅದರ ನಕಲು ತೆಗೆದು, ನಕಲನ್ನು ಹೊಸಬನ ಕೈಗೆ ಕೊಟ್ಟು, ಅವನು ಅಳಿಸಿ ಬರೆದು ಕೊಟ್ಟ ಉತ್ತರವನ್ನು ಮಾತ್ರ ಹಿಂದಕ್ಕೆ ತರುತ್ತಿದ್ದ. ಅಸಲು ಹಾಗೇ ಉಳಿಯುತ್ತಿತ್ತು. ಉಗ್ರಾಣಕ್ಕೆ ಹೋಗುವ ಮೊದಲು ಇವನನ್ನು ಕೇಳು ಎಂದು ಆಜ್ಞೆಯ ಕಾರ್ಡು ಬದಲಿಸಿದೆ. ಮೊದಲ ಸಲ ಕಾರ್ಡುಗಳ ಕ್ರಮ ತಪ್ಪಿ ಯಂತ್ರ ಎಲ್ಲವನ್ನೂ ಹೊರಗೆಸೆಯಿತು. ಎರಡನೆಯ ಸಲ ಕಾಗದ ಬಂತು. ಟ್ಯಾಂಕಿಗೆ ಗಾಳಿ ತಾಗಿತ್ತು. ನಾಲ್ಕು ಜನ ನಗುವಷ್ಟು ಸಂತೋಷ ನನಗೊಬ್ಬಳಿಗೇ ಆಯಿತು, ಹಂಚಿಕೊಳ್ಳಲು ಆ ಕೋಣೆಯಲ್ಲಿ ಯಾರೂ ಇರಲಿಲ್ಲ.

ಹೊರಗೂ ಯಾರಿಗೂ ಸಂತೋಷವಾಗಲಿಲ್ಲ. ಕಂಬಗಳು ದಪ್ಪವಾದವು. ಪರ್ಮಿಟ್ಟಿನ ಸಿಮೆಂಟು ಸಾಲದಾಯಿತು. ಶ್ರೀಕಂಠಯ್ಯನವರು ಕೈಲೆಕ್ಕ ಮಾಡಿ ನೋಡಿ, "ಸರಿಯಾಗೇ ಇದೆ" ಎಂದು, ಒಂದು ನಿಟ್ಟುಸಿರಿನ ಜೊತೆ ಅದನ್ನೇ ಮೇಲಕ್ಕೆ ಕಳಿಸಿದರು. ಕಾಗದ ಸಮಯಕ್ಕೆ ಹೋಯಿತು, ಮಂಜೂರೂ ಆಯಿತು. ಆದರೆ ಹೆಚ್ಚಿನ ಸಿಮೆಂಟಿಗಾಗಿ ಮುನಿಯಪ್ಪನವರು ಮತ್ತೆ ಕಚೇರಿಗಳ ಮೆಟ್ಟಿಲು ಹತ್ತಬೇಕಾಯಿತು. ಒಂದು ಮಳೆಗಾಲ ಕಳೆಯಿತು. ಪ್ಲಾಟ್‌ಫಾರಂನಲ್ಲಿ ಅವರು ನನ್ನನ್ನು ಕಂಡರೆ ಇನ್ನೊಂದು ತುದಿಗೆ ಹೋಗಿ ನಿಲ್ಲುತ್ತಿದ್ದರು. ಸಾಸಲಿನ ಹೆಂಗಸರು ಖಾಲಿ ಕೊಡ ಹೊತ್ತು ವಾಪಸಾಗುವ ಚಿತ್ರ ನನ್ನನ್ನು ರೈಲಿನಲ್ಲಿ ನೆಮ್ಮದಿಯಾಗಿ ನಿದ್ದೆ ಮಾಡಲು ಬಿಡುತ್ತಿರಲಿಲ್ಲ. ನಾನು ಮಾಡಿದ್ದು ಸರಿಯೆಂದು ನನಗೆ ಗೊತ್ತಿತ್ತು. ಸರಿಯಾದದ್ದನ್ನು ಮಾಡಿದರೆ ಹಗುರವೆನಿಸುತ್ತದೆ ಎಂದು ಯಾರೋ ಹೇಳಿದ್ದರಲ್ಲ, ಅವರಿಗೆ ಸಿಮೆಂಟಿನ ಪರ್ಮಿಟ್ಟು ಬೇಕಾಗಿರಲಿಲ್ಲವೆಂದು ಕಾಣುತ್ತದೆ.

ಕೊನೆಗೆ ಟ್ಯಾಂಕು ಎದ್ದಿತು. ಒಂದು ಬೆಳಿಗ್ಗೆ ಮುನಿಯಪ್ಪನವರು ಪ್ಲಾಟ್‌ಫಾರಂನ ಆ ತುದಿಯಿಂದ ಈ ತುದಿಗೆ ನಡೆದು ಬಂದರು.

"ನೀರು ಬಿಡ್ತಾ ಇದೀವಿ ಕಣಮ್ಮ ಭಾನುವಾರ. ನೀವು ಬರ್ಲೇಬೇಕು. ನಮ್ಮನೇಲೇ ಊಟ."

ಹೋದೆ. ಭಾಷಣಗಳಾದವು. ನಲ್ಲಿ ತಿರುಗಿಸಿದರು, ನೀರು ಮೊದಲು ಕೆಮ್ಮಿ ಆಮೇಲೆ ಬಂತು. ಹೆಂಗಸರು ಕೊಡ ತುಂಬಿಕೊಂಡರು, ಯಾರಿಗೂ ನೂಕುನುಗ್ಗಲಿನ ಅವಸರವಿರಲಿಲ್ಲ. ಅದನ್ನು ನೋಡುತ್ತ ನಿಂತಿದ್ದಾಗ ಮುನಿಯಪ್ಪನವರು ಪಕ್ಕಕ್ಕೆ ಬಂದು, ಕಂಬವೊಂದನ್ನು ಅಂಗೈಯಿಂದ ತಟ್ಟಿದರು.

"ಎಲ್ಲಾ ಚೆನ್ನಾಗೈತೆ. ಈ ಕಂಬಗಳು ಮಾತ್ರ ಆನೆ ಕಾಲಿದ್ದಂಗೆ ಅವೆ. ಇಷ್ಟು ದಪ್ಪ ಬೇಕಿತ್ತೇನಮ್ಮ?"

"ಗಾಳಿಗೆ" ಎಂದೆ.

ಅವರು ತಲೆಯೆತ್ತಿ ನೋಡಿದರು. ನಾನೂ ನೋಡಿದೆ. ಎದುರಿನ ಹೊಂಗೆಮರದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಟ್ಯಾಂಕಿಗೆ ಕಟ್ಟಿದ್ದ ಮಾವಿನ ತೋರಣ ಬರೆದಿಟ್ಟ ಚಿತ್ರದಂತೆ ಇಳಿಬಿದ್ದಿತ್ತು.

"ಇರ್ಲಿ ಬಿಡಿ" ಎಂದರು ಮುನಿಯಪ್ಪನವರು, ಅತಿಥಿಯ ಮನಸ್ಸು ನೋಯಬಾರದೆಂದು. "ಬನ್ನಿ, ಊಟಕ್ಕೇಳಿ."

ಊಟಕ್ಕೆ ಕೂತೆ. ಅಂಥ ಗಾಳಿಯೇ ಬೀಸದೆ, ನಾನು ಹೇಳಿದ್ದು ನಿಜವೆಂದು ಇವರಿಗೆ ಎಂದೂ ತಿಳಿಯದೇ ಇರಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ. ನನಗಿಂತ ನೂರು ಪಟ್ಟು ಬುದ್ಧಿವಂತರಾದ ಎಷ್ಟೋ ಜನ ಹೀಗೆಯೇ ಸುಮ್ಮನೆ ದಪ್ಪ ಕಂಬ ಕಟ್ಟಿಸಿದವರೆನಿಸಿಕೊಂಡು, ಎಲೆಯ ಮುಂದೆ ಕೂತು, ಇನ್ನೊಂದು ಹೋಳಿಗೆ ಹಾಕಿಸಿಕೊಂಡಿರಬೇಕು.