ಅವ್ವನ ಗುಲಾಬಿಯ ಐದು ಕಡ್ಡಿಗಳು

ಮಕ್ಕಳೇ, ನಾನು ನಿಮ್ಮಷ್ಟೇ ಚಿಕ್ಕವನಿದ್ದಾಗ ನಮ್ಮ ಮನೆ ಗೋಕಾಕ ಫಾಲ್ಸ್‌ನಲ್ಲಿ, ನೂಲಿನ ಗಿರಣಿ ಕೆಲಸಗಾರರ ಸಾಲುಮನೆಗಳ ಚಾಳಿನಲ್ಲಿತ್ತು. ಬಾಗಿಲ ಪಕ್ಕದಲ್ಲಿ ಅವ್ವ ನೆಟ್ಟ ಗುಲಾಬಿ ಗಿಡ. ಮಳೆಗಾಲದಲ್ಲಿ ಜಲಪಾತದ ತುಂತುರು ಅಲ್ಲಿಯವರೆಗೂ ತೇಲಿ ಬಂದು ಎಲೆಗಳ ಮೇಲೆ ಕೂರುತ್ತಿತ್ತು. ಆ ವರ್ಷ ಜ್ವರ ಬಂದು ಅವ್ವ ತೀರಿಕೊಂಡಳು. ಆಮೇಲೆ ಅಪ್ಪನಿಗೆ ಆ ಮನೆಯಲ್ಲಿ ಇರಲಾಗಲಿಲ್ಲ. ಗಿರಣಿ ಕೆಲಸ ಬಿಟ್ಟು, ಅಕ್ಕನನ್ನೂ ನನ್ನನ್ನೂ ಕರೆದುಕೊಂಡು ತನ್ನೂರು ಮಮದಾಪುರಕ್ಕೆ ಹೊರಟ.

ಗಿಡ ಹಳೆಯದು, ಬೇರುಸಹಿತ ಕೀಳಲು ಬರುವಂತಿರಲಿಲ್ಲ. ಹೊರಡುವ ಮುಂಜಾನೆ ಅಕ್ಕ ಐದು ಕಡ್ಡಿ ಕತ್ತರಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿದಳು. ಬಸ್ಸಿನಲ್ಲಿ ಮುಳ್ಳು ಚುಚ್ಚುತ್ತಿದ್ದರೂ ತೊಡೆಯಿಂದ ಕೆಳಗಿಡಲಿಲ್ಲ. ಮಮದಾಪುರದ ಹಿತ್ತಿಲಲ್ಲಿ ಅವನ್ನು ನೆಟ್ಟು, ತುದಿಗೆ ಸಗಣಿ ಮೆತ್ತಿದಳು.

“ತಮ್ಮಾ, ಇವನ್ನ ಅಳ್ಳಾಡಸಬ್ಯಾಡ. ಬೇರ ಬಿಡಾಕ ತಿಂಗಳ ಬೇಕ,” ಎಂದಳು.

ಹದಿನೈದು ದಿನಗಳಲ್ಲಿ ಕೆಂಪು ಚಿಗುರು ಇಣುಕಿತು. ಅಪ್ಪ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. “ಹತ್ತೈತಿ ಬಿಡು, ಬದುಕತಾವ,” ಎಂದ. ಅವ್ವ ಹೋದ ಮೇಲೆ ಅವನ ಮುಖ ಹಾಗೆ ಸಡಿಲವಾಗಿದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಅಕ್ಕ ಬಟ್ಟೆ ಒಗೆಯಲು ಹೋಗಿದ್ದಳು. ನನಗೆ ಬೇರು ನೋಡುವ ಆಸೆ. ಒಂದು ಕಡ್ಡಿ ಕಿತ್ತೆ, ಬೇರಿರಲಿಲ್ಲ. ಮತ್ತೆ ಚುಚ್ಚಿದೆ. ಎರಡನೆಯದು, ಮೂರನೆಯದು, ನಾಲ್ಕನೆಯದೂ ಹಾಗೇ. ಐದನೆಯದರ ಬುಡದಲ್ಲಿ ಬಿಳಿ ನೂಲಿನಂಥ ಎರಡು ಬೇರು! ಖುಷಿಯಿಂದ ಮತ್ತೆ ಮಣ್ಣಿಗಿಳಿಸುವಾಗ ಅವು ಪಟಕ್ಕನೆ ಮುರಿದವು. ಮಣ್ಣು ಸವರಿ ಕೈ ತೊಳೆದುಕೊಂಡೆ.

ನಾಲ್ಕು ದಿನದಲ್ಲಿ ಚಿಗುರೆಲ್ಲ ಕಪ್ಪಾಯಿತು. ಅಕ್ಕ ಒಣ ಕಡ್ಡಿಗಳನ್ನು ಕಿತ್ತಳು. ಮುರಿದ ಬೇರು ನೋಡಿದಳು, ನನ್ನನ್ನು ನೋಡಿದಳು. ಸಂಜೆ ಅಪ್ಪ ಕೇಳಿದಾಗ, “ನೀರ ಹೆಚ್ಚಾತಪ್ಪಾ. ನಂದ ತಪ್ಪು,” ಎಂದಳು. ನಾನು ಬಾಗಿಲ ಹಿಂದೆ ನಿಂತಿದ್ದೆ.

ಬೇರೆ ಕಡ್ಡಿ ತರಲು ಅಪ್ಪ ಮರುದಿನವೇ ಫಾಲ್ಸ್‌ಗೆ ಹೋದ. ಸಂಜೆ ಖಾಲಿ ಚೀಲ ಹಿಡಿದು ಬಂದ. ಚಾಳಿನ ಮನೆಗೆ ಹೊಸಬರು ಬಂದಿದ್ದರು.

“ಗಿಡಾ ಕಡದಾರ. ಅಲ್ಲೆ ಕಲ್ಲ ಹಾಸ್ಯಾರ,” ಎಂದಷ್ಟೇ ಹೇಳಿ ಉಣ್ಣದೆ ಮಲಗಿಬಿಟ್ಟ.

ತಪ್ಪು ನನ್ನದೆಂದು ನಾನು ಅಪ್ಪನಿಗೆ ಎಂದೂ ಹೇಳಲಿಲ್ಲ. ಅಕ್ಕನೂ ಹೇಳಲಿಲ್ಲ. ಈಗ ಇಬ್ಬರೂ ಇಲ್ಲ.

ಮಕ್ಕಳೇ, ನೀವು ಅರಭಾವಿಯ ನರ್ಸರಿಯಿಂದ ತರುವ ಗುಲಾಬಿ ಹೂ ಬಿಟ್ಟುಕೊಂಡೇ ಮನೆಗೆ ಬರುತ್ತದೆ. ಒಣಗಿದರೆ ಇನ್ನೊಂದು ತರುತ್ತೀರಿ. ನಿಮ್ಮ ಅವ್ವನ ನಗು, ಜೋಗುಳ ಎಲ್ಲ ಫೋನಿನಲ್ಲಿವೆ. ನನ್ನ ಅವ್ವನದು ಒಂದು ಫೋಟೋ ಕೂಡ ಯಾರೂ ತೆಗೆದಿರಲಿಲ್ಲ. ಅವಳ ಮುಖ ಈಗ ನನಗೆ ನೆನಪಿಲ್ಲ. ಅವಳು ಹೇಗಿದ್ದಳೆಂದು ನೀವು ಕೇಳಿದಾಗಲೆಲ್ಲ ನಾನು ಸುಮ್ಮನಾಗುವುದು ಅದಕ್ಕೇ.